ಬಾಣಂತಿಯ ತೂಕ

ನಮ್ಮ ಮೈಸೂರಿನಲ್ಲಿ ಬಾಣಂತಿಯನ್ನು ನೋಡಲು ಹೋದ ಹೆಂಗಸರು ಮೊದಲು ಮಗುವಿನ ಮುಖ ನೋಡಿ, ಮೂಗು ಯಾರದು, ಹಣೆ ಯಾರದು ಎಂದು ತೀರ್ಮಾನ ಮಾಡಿ, ಆಮೇಲೆ ತಾಯಿಯ ಕಡೆ ತಿರುಗುವುದು ವಾಡಿಕೆ. ಅವಳು ಕೆನ್ನೆ ತುಂಬಿಕೊಂಡು, ಕೈಯ ಬಳೆ ಬಿಗಿಯಾಗಿ ಕೂತಿದ್ದರೆ ‘ಬಾಣಂತನ ಚೆನ್ನಾಗಿ ಆಗಿದೆ’ ಎನ್ನುತ್ತಿದ್ದರು. ಅದು ಅವಳಿಗೆ ಸಿಕ್ಕ ಮೆಚ್ಚುಗೆಯಲ್ಲ, ಅವಳ ತಾಯಿಗೆ ಸಿಕ್ಕ ಸರ್ಟಿಫಿಕೇಟು. ಮಗಳು ಸೊರಗಿದ್ದರೆ ತವರಿನವರು ತುಪ್ಪ ಕಡಿಮೆ ಬಡಿಸಿದ್ದಾರೆ ಎಂದೇ ಅರ್ಥ. ಗಂಡನ ಮನೆಗೆ ಹೋಗುವ ದಿನ ಬೀಗಿತ್ತಿಯ ಕಣ್ಣು ಮೊದಲು ಬೀಳುತ್ತಿದ್ದುದು ಸೊಸೆಯ ತೋಳಿನ ಮೇಲೆ.

ತೂಕ ಎಂಬ ಮಾತನ್ನು ಈ ಸಂದರ್ಭದಲ್ಲಿ ನಮ್ಮ ಅಜ್ಜಿ ಬಳಸಿದ್ದನ್ನು ನಾನು ಕೇಳಿಲ್ಲ. ತೂಕ ಬೆಲ್ಲಕ್ಕೆ, ಹುಣಿಸೆಹಣ್ಣಿಗೆ, ಚಿನ್ನಕ್ಕೆ. ಹೆಂಗಸರಿಗೆ ಇದ್ದದ್ದು ‘ಮೈ’. ಮೈ ತುಂಬುವುದು, ಮೈ ಇಳಿಯುವುದು, ಮೈ ಕಟ್ಟಿಕೊಳ್ಳುವುದು. ಹಾಗಾದರೆ ಹಿಂದಿನ ಹೆಂಗಸರಿಗೆ ದಪ್ಪವಾಗುವ ಭಯವೇ ಇರಲಿಲ್ಲವೇ? ಇತ್ತು. ಮೈಯ ಭಯವಲ್ಲ, ಹೊಟ್ಟೆಯ ಭಯ. ಮೈ ತುಂಬಬೇಕು, ಹೊಟ್ಟೆ ಮಾತ್ರ ಬರಬಾರದು. ನಮ್ಮ ಬಾಣಂತನದ ಪದ್ಧತಿಯ ಅರ್ಧ ಭಾಗ ಈ ಒಂದು ಆಸೆಯ ಸುತ್ತಲೇ ಹೆಣೆದದ್ದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅದಕ್ಕೆ ಅವರ ಬಳಿ ಎರಡು ಉಪಾಯ ಇದ್ದವು. ಒಂದು, ಹಳೆಯ ಮೆತ್ತನೆಯ ಸೀರೆಯನ್ನು ಉದ್ದಕ್ಕೆ ಮಡಿಸಿ ಹೊಟ್ಟೆಗೆ ಬಿಗಿಯಾಗಿ ಸುತ್ತುವುದು. ಇನ್ನೊಂದು, ನೀರು ಕೊಡದಿರುವುದು.

ಮೊದಲನೆಯದು ಬಹಳ ಹಳೆಯದು. ಚರಕ ಸಂಹಿತೆಯಲ್ಲಿಯೇ ಇದರ ಪ್ರಸ್ತಾಪ ಇದೆ. ಹೆತ್ತವಳ ಹೊಟ್ಟೆಗೆ ಜಿಡ್ಡು ಸವರಿ ದೊಡ್ಡ ಬಟ್ಟೆಯಿಂದ ಸುತ್ತಬೇಕು, ಖಾಲಿಯಾದ ಜಾಗದಲ್ಲಿ ವಾಯು ಸೇರಬಾರದು ಎಂಬುದು ಅಲ್ಲಿನ ವಿವರಣೆ. ಕೊಬ್ಬು ಕರಗುತ್ತದೆ ಎಂದು ಅಲ್ಲಿ ಹೇಳಿಲ್ಲ. ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಸರೆ ಸಿಗುತ್ತದೆ, ಎದ್ದು ಕೂರುವುದು ಸುಲಭ, ಅಷ್ಟೆ. ಈಗ ಅಂಗಡಿಯಲ್ಲಿ ವೆಲ್ಕ್ರೋ ಹಚ್ಚಿದ ಬೆಲ್ಟು ಅದೇ ಕೆಲಸಕ್ಕೆ ಹತ್ತು ಪಟ್ಟು ಬೆಲೆಗೆ ಸಿಗುತ್ತದೆ. ಅದೂ ಕೊಬ್ಬು ಕರಗಿಸುವುದಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ, ಅದನ್ನು ನಾವು ಮರೆತಿದ್ದೇವೆ. ಬಾಣಂತಿಗೆ ಜಿಡ್ಡು ಕೊಡಬೇಕಾದದ್ದು ಅವಳಿಗೆ ಹಸಿವಾದಾಗ, ಅವಳ ಶಕ್ತಿಗೆ ತಕ್ಕಷ್ಟು. ಅದು ಜೀರ್ಣವಾದ ಮೇಲೆ ಗಂಜಿ. ಐದು ಅಥವಾ ಏಳು ರಾತ್ರಿ ಕಳೆದ ಮೇಲೆ ಕ್ರಮಕ್ರಮವಾಗಿ ಪುಷ್ಟಿ. ಹಸಿವೆ, ಶಕ್ತಿ, ಕ್ರಮ ಎಂಬ ಮೂರು ಮಾತುಗಳೂ ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಎಲ್ಲೋ ದಾರಿಯಲ್ಲಿ ಉದುರಿ, ತುಪ್ಪ ಒಂದೇ ಉಳಿಯಿತು.

ಈ ತುಪ್ಪದ ಲೆಕ್ಕ ಮಾಡೋಣ. ನಾನು ಟೀಚರು, ಲೆಕ್ಕ ಬಿಡಿಸದೆ ಇರಲಾರೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ, ಆಮೇಲಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚಾಗಿ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ. ಅಂದರೆ ಐದು ಚಮಚ ತುಪ್ಪಕ್ಕೆ ಬಾಣಂತಿಯ ಇಡೀ ದಿನದ ಹೆಚ್ಚುವರಿ ಪಾಲು ಮುಗಿಯಿತು. ಮೆಣಸಿನ ಸಾರು ಅನ್ನಕ್ಕೆ ಎರಡು, ಬೆಳ್ಳುಳ್ಳಿ ಹುರಿಯಲು ಒಂದು, ಕರಿಬೇವಿನ ಪುಡಿಗೆ ಕಲಸಿಕೊಳ್ಳಲು ಎರಡು. ಒಂದು ಊಟದಲ್ಲಿಯೇ ಆಯಿತಲ್ಲ! ಇನ್ನು ರಾತ್ರಿಯ ಊಟ, ಕೊಬ್ಬರಿ ಬೆಲ್ಲದ ಮೆಂತ್ಯದುಂಡೆ, ಶುಂಠಿ ಲೇಹ್ಯ ಎಲ್ಲ ಬಾಕಿ. ಮೈಸೂರು ಪಾಕು ಹುಟ್ಟಿದ ಊರಿನವರಿಗೆ ತುಪ್ಪದ ವಿಷಯದಲ್ಲಿ ಸಂಕೋಚ ಕಡಿಮೆ.

ಆದರೆ ಅಜ್ಜಿಯರನ್ನು ದೂರಿ ಪ್ರಯೋಜನವಿಲ್ಲ. ಅವರ ಲೆಕ್ಕ ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ನಲವತ್ತು ದಿನವೋ ಮೂರು ತಿಂಗಳೋ ಕತ್ತಲೆ ಕೋಣೆಯಲ್ಲಿ ಹಂಡೆ ನೀರು, ಸಾಮ್ರಾಣಿ ಹೊಗೆ, ತುಪ್ಪದನ್ನ. ಅದು ಮುಗಿದ ಮರುದಿನದಿಂದ ಬಾವಿಯ ನೀರು ಸೇದುವುದು, ಬೀಸುವ ಕಲ್ಲು, ರುಬ್ಬುವ ಗುಂಡು, ಒನಕೆ, ಬಟ್ಟೆಯ ರಾಶಿ. ಕೂಡಿಟ್ಟ ಕೊಬ್ಬು ಆರು ತಿಂಗಳಲ್ಲಿ ಖರ್ಚು. ಅದರ ಮೇಲೆ ಎರಡು ವರ್ಷಕ್ಕೊಂದು ಹೆರಿಗೆ. ನಮ್ಮಜ್ಜಿ ಒಂಬತ್ತು ಹೆತ್ತು ಆರು ಉಳಿಸಿಕೊಂಡವರು. ಅಂಥವರಿಗೆ ಬಾಣಂತನದ ತುಪ್ಪ ಬ್ಯಾಂಕಿನ ಠೇವಣಿ ಇದ್ದ ಹಾಗೆ. ಆಮೇಲೆ ಮನೆಗೆ ನಲ್ಲಿ ಬಂತು, ಗ್ಯಾಸ್ ಬಂತು, ಮಿಕ್ಸಿ ಬಂತು, ಹಿಟ್ಟಿನ ಗಿರಣಿ ಬಂತು. ಒಂದೊಂದೇ ಕೆಲಸ ಮನೆಯಿಂದ ಹೊರಗೆ ಹೋಯಿತು. ತುಪ್ಪ ಮಾತ್ರ ಇದ್ದಲ್ಲೇ ಇತ್ತು.

ಇದು ಅಗ್ರಹಾರದ, ಒಕ್ಕಲುಮನೆಯ, ಎರಡು ಹೊತ್ತು ಉಂಡವರ ಮಾತು. ಇದೇ ಊರಿನಲ್ಲಿ ಇನ್ನೊಂದು ಬಾಣಂತನವೂ ಇತ್ತು. ಮೊಹಲ್ಲಾಗಳ ಸಣ್ಣ ಮನೆಗಳಲ್ಲಿ ಊದುಬತ್ತಿ ಹೊಸೆಯುವವಳು ಹೆತ್ತ ಹತ್ತನೆಯ ದಿನಕ್ಕೆ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಮಣೆಯ ಮುಂದೆ ಕೂರುತ್ತಿದ್ದಳು. ಗದ್ದೆ ಕೆಲಸದವಳಿಗೆ ಅಷ್ಟು ದಿನವೂ ಇಲ್ಲ. ಅವಳಿಗೆ ಸಿಕ್ಕಿದ್ದು ರಾಗಿ ಮುದ್ದೆ, ಸೊಪ್ಪಿನ ಸಾರು, ಕೈ ಓಡಿದರೆ ಒಂದು ನಾಟಿ ಕೋಳಿ ಸಾರು. ಸಬ್ಬಸಿಗೆ ಸೊಪ್ಪು ತಿಂದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಎರಡೂ ಮನೆಗಳಲ್ಲಿ ಒಂದೇ. ವಿಚಿತ್ರವೆಂದರೆ, ಇಂದಿನ ಆಹಾರತಜ್ಞರು ತೂಕ ಇಳಿಸಬೇಕೆನ್ನುವ ಬಾಣಂತಿಗೆ ಬರೆದುಕೊಡುವ ಪಟ್ಟಿ ಈ ಎರಡನೆಯ ಮನೆಯ ಊಟಕ್ಕೇ ಹತ್ತಿರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಬಿಳಿ ಅಕ್ಕಿಯಲ್ಲಿ ಹೆಸರಿಗಷ್ಟೇ. ಆದರೆ ಆ ಬಡ ತಾಯಿಗೆ ಹೊಟ್ಟೆ ತುಂಬುವಷ್ಟು ಇರಲಿಲ್ಲ ಎಂಬುದನ್ನು ಮರೆತು ಆ ಊಟವನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಎರಡನೆಯ ಉಪಾಯ, ನೀರು. ‘ನೀರು ಕುಡೀಬೇಡ ಕಣೇ, ಹೊಟ್ಟೆ ಬರತ್ತೆ’ ಎಂಬ ಮಾತನ್ನು ಕೇಳದ ಬಾಣಂತಿ ನಮ್ಮ ತಲೆಮಾರಿನಲ್ಲಿ ಇರಲಾರಳು. ದಿನಕ್ಕೆ ಎರಡು ಲೋಟ, ಅದೂ ಕುದಿಸಿ ಇಂಗಿಸಿದ ನೀರು. ಬಾಯಾರಿಕೆಯೆಂದರೆ ಎಲೆ ಅಡಿಕೆ. ಎದೆಹಾಲಿನ ಬಹುಪಾಲು ನೀರೇ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವ ಹೆಣ್ಣಿಗೆ ಎರಡು ಲೋಟ ನೀರು! ಮೇಲೆ ಬೆಂಕಿಯ ಕಾವು, ಬಿಸಿನೀರಿನ ಸ್ನಾನ, ಬೆವರು.

ನಮ್ಮ ಅಜ್ಜಿಯ ತಂಗಿಯೊಬ್ಬರು ಎರಡನೆಯ ಹೆರಿಗೆಯಾದ ಹದಿನೈದು ದಿನಕ್ಕೆ ತೀರಿಕೊಂಡರಂತೆ. ತಲೆನೋವು ಎನ್ನುತ್ತಿದ್ದರು, ಕೈಕಾಲು ಸೆಳೆಯಿತು, ಮಾತು ನಿಂತಿತು. ‘ಬಾಣಂತಿ ಸನ್ನಿ’ ಎಂದರು. ಬಾಗಿಲ ಸಂದಿಯಿಂದ ಗಾಳಿ ಹೊಕ್ಕಿತು ಎಂದು ಕಾರಣ ಕೊಟ್ಟರು. ಅವರಿಗೆ ಆದದ್ದು ಯಾವ ಕಾಯಿಲೆಯೋ ಈಗ ಹೇಳುವವರಿಲ್ಲ. ಆದರೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1980ರ ದಶಕದಿಂದ ಒಂದು ವಿಷಯ ಬರೆಯುತ್ತ ಬಂದಿದ್ದಾರೆ. ಹೆತ್ತ ಕೆಲವೇ ದಿನಗಳಲ್ಲಿ ಮೆದುಳಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ತಲೆನೋವು, ಸೆಳೆತ, ಲಕ್ವದೊಂದಿಗೆ ಆಸ್ಪತ್ರೆಗೆ ಬರುವ ಬಾಣಂತಿಯರು ನಮ್ಮ ಕಡೆ ಬಹಳ. ಹೆರಿಗೆಯ ನಂತರ ರಕ್ತ ತಾನಾಗಿಯೇ ಹೆಪ್ಪುಗಟ್ಟುವ ಸ್ವಭಾವ ಪಡೆದಿರುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೆ ಅದಕ್ಕೆ ಇನ್ನಷ್ಟು ಅನುಕೂಲ. ಹೊಟ್ಟೆ ಚಪ್ಪಟೆಯಾಗಲೆಂದು ಮುಚ್ಚಿಟ್ಟ ನೀರಿನ ತಂಬಿಗೆ ಎಷ್ಟು ಹೆಣ್ಣುಮಕ್ಕಳ ಪ್ರಾಣದ ಮೇಲೆ ಬಂದಿದೆಯೋ! ಹೊಟ್ಟೆ ದೊಡ್ಡದಾಗಿ ಕಾಣುವುದು ಹಿಗ್ಗಿದ ಸ್ನಾಯುವಿನಿಂದ, ಗರ್ಭಕೋಶ ಕುಗ್ಗಲು ಸುಮಾರು ಆರು ವಾರ ಹಿಡಿಯುವುದರಿಂದ. ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಪಥ್ಯದ ಇನ್ನೊಂದು ಕೇಡನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬರೀ ಪಾಲಿಶ್ ಮಾಡಿದ ಅಕ್ಕಿಯ ಅನ್ನ, ತಿಳಿಸಾರು ಎಂದು ತಿಂಗಳುಗಟ್ಟಲೆ ಕೂರಿಸಿದರೆ ತಾಯಿಯ ಹಾಲಿನಲ್ಲಿ ಬಿ1 ಎಂಬ ಜೀವಸತ್ವ ಕಡಿಮೆಯಾಗುತ್ತದೆ. ಹಾಲು ಬರುತ್ತಿರುತ್ತದೆ, ಮಗು ಕುಡಿಯುತ್ತಿರುತ್ತದೆ, ಎರಡು ಮೂರು ತಿಂಗಳಿಗೆ ಇದ್ದಕ್ಕಿದ್ದಂತೆ ಮಗುವಿನ ಹೃದಯ ಸೋಲುತ್ತದೆ. ಹಿಂದೆ ಮದರಾಸು, ಆಂಧ್ರದ ಕರಾವಳಿಯಲ್ಲಿ ಕಂಡಿದ್ದ ಇದನ್ನು ಈಚಿನ ವರ್ಷಗಳಲ್ಲಿ ಕಾಶ್ಮೀರದ ವೈದ್ಯರು ಮತ್ತೆ ಗುರುತಿಸಿದ್ದಾರೆ. ಸಮಯಕ್ಕೆ ಬಿ1 ಚುಚ್ಚುಮದ್ದು ಕೊಟ್ಟರೆ ಗಂಟೆಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ಈ ಮಾತನ್ನು ‘ಡಯಟ್’ ಎಂದು ಮೊಸರನ್ನಕ್ಕೆ ಇಳಿಯುವ ಈಗಿನ ಹುಡುಗಿಯರೂ ಕೇಳಿಸಿಕೊಳ್ಳಬೇಕು. ಅಜ್ಜಿಯ ಪಥ್ಯಕ್ಕೂ ಮೊಮ್ಮಗಳ ಡಯಟ್ಟಿಗೂ ಹೆಸರು ಬೇರೆ, ತಟ್ಟೆ ಒಂದೇ.

ಇನ್ನು ತಕ್ಕಡಿ ನಮ್ಮ ಊರಿನ ಹೆರಿಗೆಮನೆಗೆ ಬಂದ ಕಥೆ. ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆ ಇದೆಯಲ್ಲ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅದನ್ನು ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಹೆಂಗಸರು ಮಕ್ಕಳಿಗೆಂದು ತೆರೆದರು. ಗಂಡು ಡಾಕ್ಟರ ಮುಂದೆ ಕೈ ಚಾಚಲೂ ನಾಚುತ್ತಿದ್ದ ಕಾಲ. 1934ರಿಂದ ಅಲ್ಲಿ ಒಂದು ಶಿಸ್ತು ಶುರುವಾಯಿತು. ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವುದು. ಜೊತೆಗೆ ಬಸುರಿ ತಾಯಿಯ ತೂಕವೂ. ಸೂಲಗಿತ್ತಿಯ ಕಾಲದಲ್ಲಿ ಹೀಗೆ ಯಾರು ಬರೆದಿಟ್ಟಾರು? ಸೂಲಗಿತ್ತಿಯನ್ನು ಹಗುರ ಮಾಡಿ ಹೇಳುತ್ತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟವರೇ. ಆದರೆ ಅವರ ವಿದ್ಯೆ ಅವರ ಬೆರಳಲ್ಲಿ ಇತ್ತು, ಅವರ ಜೊತೆಗೇ ಹೋಯಿತು. ಆಸ್ಪತ್ರೆಯ ನರ್ಸಮ್ಮಂದಿರು ಪೌಂಡು ಔನ್ಸಿನಲ್ಲಿ ಬರೆದ ರಿಜಿಸ್ಟರು ಉಳಿಯಿತು.

ಅರವತ್ತು ವರ್ಷ ಆ ಪುಸ್ತಕಗಳಿಗೆ ಯಾರ ಹಂಗೂ ಇರಲಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು, ಹೃದಯದ ಕಾಯಿಲೆಯ ಬೇರು ತಾಯಿಯ ಗರ್ಭದಲ್ಲಿ ಇದೆ ಎಂದು ವಾದಿಸುತ್ತಿದ್ದರು. ಹಳೆಯ ಜನನ ದಾಖಲೆಗಳಿಗಾಗಿ ಅವರ ತಂಡ ಹುಡುಕಾಡುತ್ತಿದ್ದಾಗ ಮೈಸೂರಿನ ಈ ರಿಜಿಸ್ಟರು ಅವರ ಕೈಗೆ ಬಂತು. ಕ್ಯಾರೊಲಿನ್ ಫಾಲ್ ಮತ್ತು ಅವರ ಮೈಸೂರಿನ ಸಹೋದ್ಯೋಗಿಗಳು 1990ರ ದಶಕದಲ್ಲಿ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆ ಮನೆಗೆ ಹೋಗಿ, ಅಲ್ಲಿ ಹುಟ್ಟಿದವರು ಯಾರಿದ್ದಾರೆ ಎಂದು ವಿಚಾರಿಸಿದರು. ನೀವೇ ಊಹಿಸಿಕೊಳ್ಳಿ, ಮೊಮ್ಮಕ್ಕಳನ್ನು ಎತ್ತಿಕೊಂಡು ಕೂತ ಯಜಮಾನರ ಮನೆಗೆ ಬಂದು ‘ನೀವು ಹುಟ್ಟಿದಾಗ ಇಷ್ಟು ಪೌಂಡು ಇದ್ದಿರಿ’ ಎಂದರೆ ಹೇಗಿದ್ದೀತು!

1996ರಲ್ಲಿ ಪ್ರಕಟವಾದ ಅವರ ಮೊದಲ ಲೆಕ್ಕ 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರದು. 45 ವರ್ಷ ದಾಟಿದವರಲ್ಲಿ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ನೂರರಲ್ಲಿ 11 ಜನಕ್ಕೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಯಾರಲ್ಲಿ ಗೊತ್ತೇ? ತಾವೂ ಸಣ್ಣಗೆ ಹುಟ್ಟಿ, ತಮ್ಮ ತಾಯಿಯೂ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ತೂಗಿದವರಲ್ಲಿ. ಅವರಲ್ಲಿ ನೂರಕ್ಕೆ 20. ಎರಡು ವರ್ಷದ ನಂತರ, 1998ರಲ್ಲಿ, ಸಕ್ಕರೆ ಕಾಯಿಲೆಯ ಲೆಕ್ಕ ಬಂತು. ಅಲ್ಲಿ ಚಿತ್ರ ತಿರುಗಿತ್ತು. ಸಕ್ಕರೆ ಕಾಯಿಲೆ ಹೆಚ್ಚಾಗಿದ್ದದ್ದು ಗಿಡ್ಡಗೆ, ಗುಂಡಗೆ ಹುಟ್ಟಿದವರಲ್ಲಿ, ಅವರ ತಾಯಂದಿರು ತೂಕದ ಹೆಂಗಸರು.

ತೆಳ್ಳಗಿದ್ದರೂ ತೊಂದರೆ, ದಪ್ಪಗಿದ್ದರೂ ತೊಂದರೆ. ಈ ಎರಡು ಲೆಕ್ಕವನ್ನು ಓದಿದ ಮೇಲೆ ನನಗೆ ಅಗ್ರಹಾರದ ಬಾಣಂತಿಯೂ ಊದುಬತ್ತಿ ಹೊಸೆಯುವ ಬಾಣಂತಿಯೂ ಒಂದೇ ರಿಜಿಸ್ಟರಿನ ಎರಡು ಪುಟದಂತೆ ಕಂಡರು. ಹೆಣ್ಣಿನ ಮೈತೂಕ ಸೌಂದರ್ಯದ ವಿಷಯ, ಹಾಗಾಗಿ ಅದು ಅವಳ ಚಪಲ ಎಂದು ಗಂಡಸರು ನಗುವುದುಂಟು. ಆ ತೂಕ ಐವತ್ತು ವರ್ಷದ ನಂತರ ಮಗನ ಎದೆಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ನಗುವುದು ಕಷ್ಟ.

ನಮ್ಮ ಸಂಸ್ಥಾನಕ್ಕೆ ಇದರ ಸುಳಿವು ಬೇರೆ ರೀತಿಯಲ್ಲಿ ಸಿಕ್ಕಿತ್ತೋ ಏನೋ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್‌ನಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆಯಲು ಮೈಸೂರು ಸರ್ಕಾರ ಆದೇಶ ಮಾಡಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈ ಹಾಕಿದ್ದು ಜಗತ್ತಿನಲ್ಲಿಯೇ ಮೊದಲು ಎನ್ನುತ್ತಾರೆ. ಹೆತ್ತು ಹಾಲೂಡಿಸಿ, ಹಾಲು ಬಿಡಿಸುವ ಮೊದಲೇ ಮತ್ತೆ ಬಸುರಾಗಿ ಸವೆದುಹೋಗುತ್ತಿದ್ದ ಹೆಣ್ಣಿಗೆ ತುಪ್ಪಕ್ಕಿಂತ ಅಂತರ ದೊಡ್ಡ ಔಷಧಿ.

ಚೆಲುವಾಂಬ ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರಿನಲ್ಲಿ ಎರಡು ಚೆಲುವಾಂಬ ಇವೆ. ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆ. ಸುತ್ತಲ ಹಳ್ಳಿಯ ತಾಯಂದಿರು ಮೊದಲ ಹಾಲು ಕೊಡುವ ಜಾಗ. ಇನ್ನೊಂದು ಚೆಲುವಾಂಬ ವಿಲಾಸ ಅರಮನೆ. 1950ರ ಅಕ್ಟೋಬರಿನಲ್ಲಿ ಅಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ, ನಮ್ಮೂರಿನವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಶುರುವಾಯಿತು. ಎಮ್ಮೆಯ ಹಾಲು ಗಟ್ಟಿ, ಎಳೆಮಗುವಿಗೆ ಅರಗದು. ಅದನ್ನು ಹದಗೊಳಿಸಿ ಶಿಶುಆಹಾರದ ಪುಡಿ ಮಾಡುವ ವಿಧಾನವನ್ನು ಆ ಅರಮನೆಯಲ್ಲಿ 1950ರ ದಶಕದಲ್ಲಿ ಕಂಡುಹಿಡಿದರು. ಅದನ್ನೇ ಗುಜರಾತಿನ ಆನಂದದಲ್ಲಿ ಅಮುಲ್ ಹೆಸರಿನಿಂದ ತಯಾರಿಸಿ ದೇಶಕ್ಕೆಲ್ಲ ಮಾರಿದರು. ಪರದೇಶದ ಡಬ್ಬಿಗೆ ಕಾದು ಕೂರುವುದು ತಪ್ಪಿತು. ತಾಯಿ ಇಲ್ಲದ ಕೂಸುಗಳಿಗೆ ಅದು ಉಪಕಾರವೇ. ಆದರೆ ಡಬ್ಬಿ ಬಂದ ಮೇಲೆ ಪೇಟೆಯ ಮನೆಗಳಲ್ಲಿ ಒಂದು ಹೊಸ ಯೋಚನೆಯೂ ಬಂತು. ಮೈ ಕೆಡುವುದೇ ಹಾಲೂಡಿಸುವುದರಿಂದ, ಡಬ್ಬಿಗೆ ಹಾಕಿದರೆ ಬೇಗ ಮೊದಲಿನಂತಾಗಬಹುದು ಎಂಬುದು. ನನ್ನ ತಾಯಿಯ ಓರಗೆಯ ಒಬ್ಬಿಬ್ಬರು ಹಾಗೆ ಮಾಡಿದ್ದನ್ನು ಮನೆಯಲ್ಲಿ ಆಡಿಕೊಳ್ಳುತ್ತಿದ್ದರು. 1992ರಲ್ಲಿ ಶಿಶುಆಹಾರದ ಜಾಹೀರಾತನ್ನು ನಿಷೇಧಿಸುವ ಕಾನೂನು ಬಂತು. ಆ ಯೋಚನೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ.

ನಿಜ ತಿರುವುಮುರುವಾಗಿದೆ. ಹಾಲು ಮಾಡುವುದಕ್ಕೆ ದೇಹ ಖರ್ಚು ಮಾಡಲೇಬೇಕು. ಬಸುರಿನಲ್ಲಿ ಮೂರು ನಾಲ್ಕು ಕಿಲೋ ಕೊಬ್ಬು ಸೇರುವುದೇ ಈ ಖರ್ಚಿಗೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7700 ಕ್ಯಾಲೊರಿ. ವಾರಕ್ಕೆ ಅರ್ಧ ಕಿಲೋ ಇಳಿಯಬೇಕಾದರೆ ದಿನಕ್ಕೆ 550ರಷ್ಟು ಕೊರತೆ ಬೀಳಬೇಕು. ಅಂದರೆ ತಾಯಿ ಉಪವಾಸ ಕೂರಬೇಕಿಲ್ಲ. ತನ್ನ ಊಟ ಊಟದಷ್ಟೇ ಇಟ್ಟುಕೊಂಡು, ಬಾಣಂತನದ ಸಿಹಿ, ಜಿಡ್ಡನ್ನು ಇಳಿಸಿ, ಸ್ವಲ್ಪ ನಡೆದಾಡಿದರೆ ಹಾಲೇ ಅವಳ ಕೊಬ್ಬನ್ನು ಕರಗಿಸುತ್ತದೆ.

ಹಾಗೆ ಇಳಿಸಿದರೆ ಮಗುವಿಗೆ ಹಾಲು ಕಡಿಮೆಯಾಗದೇ? ಈ ಪ್ರಶ್ನೆಯನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಿಕ್ಕಾಗ ಕೇಳಿದಳು. ನಾಲ್ಕು ತಿಂಗಳ ಬಾಣಂತಿ. ಮೊಬೈಲಿನಲ್ಲಿ ಯಾರೋ ಹೇಳಿದರೆಂದು ರಾತ್ರಿಯ ಊಟ ಬಿಟ್ಟು, ಬೆಳಿಗ್ಗೆ ನಿಂಬೆರಸ ಕುಡಿದು, ಹತ್ತೇ ದಿನದಲ್ಲಿ ಮೂರು ಕಿಲೋ ಇಳಿದಿದ್ದಳು. ತಲೆಸುತ್ತು ಬರುತ್ತಿತ್ತು, ಮಗು ರಾತ್ರಿಯೆಲ್ಲ ಅಳುತ್ತಿತ್ತು. ‘ಏನಮ್ಮಾ, ಮಗು ಅಳೋದು ನಿನ್ನ ಊಟಕ್ಕೆ’ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಗಂಡನ ಮನೆಯವರು ಮದುವೆಯ ಫೋಟೋ ಪಕ್ಕ ನಿಲ್ಲಿಸಿ ನಗುತ್ತಾರಂತೆ. ಹಿಂದಿನ ಬೀಗಿತ್ತಿ ತೋಳು ತೆಳ್ಳಗಾಯಿತೆಂದು ಮೂಗು ಮುರಿಯುತ್ತಿದ್ದಳು, ಈಗಿನವಳು ದಪ್ಪಗಾಯಿತೆಂದು.

ಅವಳ ಪ್ರಶ್ನೆಗೆ ಉತ್ತರ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿದೆ. 2000ದಲ್ಲಿ ಚೆರಿಲ್ ಲವ್‌ಲೇಡಿ ಮತ್ತು ಸಂಗಡಿಗರು ತೂಕ ಹೆಚ್ಚಿದ್ದ, ಬರೀ ಎದೆಹಾಲನ್ನೇ ಕೊಡುತ್ತಿದ್ದ 40 ತಾಯಂದಿರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಹೆರಿಗೆಯಾದ ನಾಲ್ಕನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದು, ವಾರಕ್ಕೆ ನಾಲ್ಕು ದಿನ 45 ನಿಮಿಷದಷ್ಟು ವ್ಯಾಯಾಮ ಮಾಡಿದರು. ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿದರು. ಮಕ್ಕಳ ಬೆಳವಣಿಗೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಮೊದಲೇ ತೂಕ ಹೆಚ್ಚಿದ್ದವರು, ದಿನಾ ಜೀವಸತ್ವದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ನಮ್ಮಲ್ಲಿ ರಕ್ತಹೀನತೆಯಿಂದ ಬಿಳಿಚಿಕೊಂಡ ಹುಡುಗಿಯೂ ತನ್ನನ್ನು ದಪ್ಪ ಎಂದುಕೊಂಡಿರುತ್ತಾಳೆ. ಅವಳಿಗೆ ಈ ಲೆಕ್ಕ ಒಪ್ಪುವುದಿಲ್ಲ.

ಅವಳಿಗೆ ನಾನು ಹೇಳಿದ್ದು ಇಷ್ಟು. ಮೊದಲ ಆರು ವಾರ ತೂಕದ ಮಾತೇ ಬೇಡ. ಆಮೇಲೂ ವಾರಕ್ಕೆ ಅರ್ಧ ಕಿಲೋ ಮೀರಬೇಡ. ದಿನಕ್ಕೆ 1800 ಕ್ಯಾಲೊರಿಗಿಂತ ಕೆಳಗೆ ಇಳಿಯಬೇಡ. ಹೊತ್ತಿನ ಊಟ ಬಿಡುವುದಲ್ಲ, ಅನ್ನ ಅರ್ಧ ಮಾಡಿ ಮುದ್ದೆ, ಕಾಳಿನ ಹುಳಿ, ಸೊಪ್ಪು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಮೀನು. ತುಪ್ಪ ದಿನಕ್ಕೆ ಒಂದೆರಡು ಚಹಾ ಚಮಚ ಸಾಕು. ಅಮ್ಮನಿಗೆ ಬೇಸರವಾದರೆ ಅವರ ಎದುರಿಗೇ ಹಾಕಿಸಿಕೊ. ಬಾಯಾರಿಕೆಗೆ ನೀರು, ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟ. ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡಿಗೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಆಮೇಲೆ ನೋಡೋಣ. ಸಿಸೇರಿಯನ್ ಆದವರು ಹೊಟ್ಟೆಯ ವ್ಯಾಯಾಮವನ್ನು ಡಾಕ್ಟರರನ್ನು ಕೇಳದೆ ಮಾಡಬಾರದು. ಎಷ್ಟು ಮಾಡಿದರೂ ಇಳಿಯದೆ, ಮೈ ಜಡ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ.

ಮಾತ್ರೆ, ಪುಡಿ, ಟೀ ಎಂದು ಮಾರುವವರ ಬಗ್ಗೆ ಸ್ವಲ್ಪ ಕೋಪದಿಂದಲೇ ಮಾತಾಡಿದೆ. ಕೊಡಗಿನವರು ಹಂದಿಮಾಂಸಕ್ಕೆ ಹಾಕುವ ಕಾಚಂಪುಳಿಯ ಹಣ್ಣಿದೆಯಲ್ಲ, ಅದರ ಸಾರವನ್ನೇ ‘ಗಾರ್ಸೀನಿಯಾ’ ಎಂದು ತೂಕ ಇಳಿಸುವ ಗುಳಿಗೆ ಮಾಡಿ ಮಾರುತ್ತಾರೆ. ಅಡುಗೆಯಲ್ಲಿ ನಾಲ್ಕು ಹನಿ ಹಾಕುವುದಕ್ಕೂ ಸಾರ ಹಿಂಡಿ ದಿನಾ ನುಂಗುವುದಕ್ಕೂ ಬಹಳ ಅಂತರ. ಅಂಥ ಗುಳಿಗೆ ನುಂಗಿ ಪಿತ್ತಜನಕಾಂಗ ಕೆಟ್ಟವರ ವರದಿಗಳಿವೆ. ಹಾಲೂಡಿಸುವವಳು ಅದರ ಹತ್ತಿರ ಸುಳಿಯಬಾರದು.

ಈ ಹೆಣ್ಣುಮಗಳಿಗೆ ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು ಎಂದು ಮಾತಿನ ಕೊನೆಯಲ್ಲಿ ತಿಳಿಯಿತು. ಹೆರಿಗೆಯಾದ ಮೇಲೆ ಸರಿಹೋಯಿತಂತೆ, ಮತ್ತೆ ನೋಡಿಸಿಲ್ಲವಂತೆ. ನನಗೆ ಅವಳ ಮೂರು ಕಿಲೋಗಿಂತ ಇದು ದೊಡ್ಡ ಸುದ್ದಿ. ಅದೇ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಸುಮಾರು 800 ಬಸುರಿಯರ ರಕ್ತದ ಸಕ್ಕರೆ ನೋಡಿದರು. ನೂರಕ್ಕೆ ಸುಮಾರು 6 ಜನರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಸಿಕ್ಕಿತು. ಐದು ವರ್ಷ ಬಿಟ್ಟು ಆ ತಾಯಂದಿರನ್ನು ಕರೆದು ಪರೀಕ್ಷಿಸಿದಾಗ, ಸಕ್ಕರೆ ಇಲ್ಲದಿದ್ದವರಲ್ಲಿ ನೂರಕ್ಕೆ 2 ಜನ, ಇದ್ದವರಲ್ಲಿ ನೂರಕ್ಕೆ 37 ಜನ ಸಕ್ಕರೆ ಕಾಯಿಲೆಯವರಾಗಿದ್ದರು. ಹೆಚ್ಚಿನವರು ಇನ್ನೂ ಮೂವತ್ತರ ಆಸುಪಾಸಿನವರು. ಇಂಥವರಿಗೆ ತೂಕ ಇಳಿಸುವುದು ಫೋಟೋದ ವಿಷಯವಲ್ಲ. ಹಾಲೂಡಿಸುವುದೂ ಅವರಿಗೆ ಒಂದು ರಕ್ಷಣೆ. ಬಸುರಿನಲ್ಲಿ ಸಕ್ಕರೆ ಬಂದಿದ್ದ ಕ್ಯಾಲಿಫೋರ್ನಿಯಾದ ತಾಯಂದಿರ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಎದೆಹಾಲು ಕೊಟ್ಟವರಲ್ಲಿ ಎರಡು ವರ್ಷದೊಳಗೆ ಸಕ್ಕರೆ ಕಾಯಿಲೆ ಬಂದದ್ದು ಉಳಿದವರಿಗಿಂತ ಅರ್ಧದಷ್ಟು.

ಬಸುರಿನಲ್ಲಿ ಸಕ್ಕರೆ ಇದ್ದವರು ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ವೈದ್ಯರ ನಿಯಮ. ಮಗುವಿಗೆ ಲಸಿಕೆಯ ಒಂದು ಸೂಜಿ ಬೀಳುವುದೂ ಆರನೆಯ ವಾರಕ್ಕೇ. ಅಂದು ಇಡೀ ಮನೆ ಆಸ್ಪತ್ರೆಗೆ ಹೊರಡುತ್ತದೆ, ಮಗುವಿನ ತೂಕ ನೋಡುತ್ತದೆ, ಕಾರ್ಡಿನಲ್ಲಿ ಬರೆಸಿಕೊಂಡು ಬರುತ್ತದೆ. ತಾಯಿಯ ತೋಳನ್ನು ಯಾರೂ ಕೇಳುವುದಿಲ್ಲ. ಹಿಂದಿನ ರಾತ್ರಿ ಊಟ ಮಾಡಿ ಬೆಳಿಗ್ಗೆ ಏನೂ ತಿನ್ನದೆ ಹೊರಟರೆ ಅದೇ ದಿನ ತಾಯಿಯ ರಕ್ತಪರೀಕ್ಷೆಯೂ ಮುಗಿಯುತ್ತದೆ. ನೀರು ಕುಡಿಯಲು ಅಡ್ಡಿಯಿಲ್ಲ. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುತ್ತಾರೆ. ಕೂತಲ್ಲಿಯೇ ಮಗುವಿಗೆ ಹಾಲು ಕೊಡಬಹುದು. ಡಬ್ಬಿಯಲ್ಲಿ ಎರಡು ರಾಗಿರೊಟ್ಟಿ, ಸ್ವಲ್ಪ ಪಲ್ಯ ಕಟ್ಟಿಕೊಂಡು ಹೋಗಿರಬೇಕು, ಎರಡನೆಯ ಸಲ ರಕ್ತ ಕೊಟ್ಟು ಎದ್ದ ತಕ್ಷಣ ತಿನ್ನುವುದಕ್ಕೆ.